ಚರ್ಚಿನ ಪಕ್ಕದ ಮೊಣಕೈ

ಕೆನಡಾದಿಂದ ಬೆಂಗಳೂರಿಗೆ ಹೋಗುವಾಗ ದಾರಿಯಲ್ಲಿ ಒಂದು ದಿನ ಜರ್ಮನಿಯಲ್ಲಿ ಇಳಿದಿದ್ದೆವು. ಹಳೆಯ ಚರ್ಚುಗಳ, ವಾಲಿಕೊಂಡು ನಿಂತ ಮರದ ಚೌಕಟ್ಟಿನ ಮನೆಗಳ ಫೋಟೊ ತೆಗೆಯುವುದು ನನ್ನ ಬಹುದಿನದ ಆಸೆ. ಮಂಡಿನೋವಿದ್ದರೂ ಹೆಂಡತಿ ನನ್ನ ಕ್ಯಾಮೆರಾ ಬ್ಯಾಗು ಹೊತ್ತು ಕಲ್ಲುಹಾಸಿನ ಬೀದಿಗಳಲ್ಲಿ ಹಿಂದೆ ಹಿಂದೆ ನಡೆದಳು. ಪ್ರತಿ ಚರ್ಚಿನ ಮುಂದೆಯೂ "ನನ್ನದೂ ಒಂದು ತೆಗೀರಿ" ಎಂದು ನಗುತ್ತ ನಿಂತಳು. ತೆಗೆದೆ.

ಬ್ರ್ಯಾಂಪ್ಟನ್ನಿನ ಮನೆಗೆ ಮರಳಿದ ಮೇಲೆ ಒಂದು ಭಾನುವಾರ ಸ್ನೇಹಿತರನ್ನು ಮಧ್ಯಾಹ್ನದ ಊಟಕ್ಕೆ ಕರೆದು, ಟೀವಿಯಲ್ಲಿ ಫೋಟೊ ತೋರಿಸಿದೆ.

"ಅತ್ತಿಗೆ ಬಂದಿರಲಿಲ್ವಾ?" ಎಂದು ಒಬ್ಬ ಕೇಳಿದ.

"ಬಂದಿದ್ಲು. ಫೋಟೊದಿಂದ ಕ್ರಾಪ್ ಮಾಡಿ ತೆಗ್ದೆ. ಚರ್ಚಿಗಿಂತ ಇವಳೇ ಅಗಲ ಕಾಣ್ತಿದ್ಲು."

ಎಲ್ಲರೂ ನಕ್ಕರು. ನನಗೆ ಹೆಮ್ಮೆಯೆನಿಸಿತು.

ಕಾಫಿ ಕೊಡುತ್ತಿದ್ದ ಹೆಂಡತಿ ಟೀವಿಯ ಕಡೆ ನೋಡಿದಳು. "ರೀ, ಇದರಲ್ಲಿ ಎಡಗಡೆ ನನ್ನ ಮೊಣಕೈ ಉಳಿದುಬಿಟ್ಟಿದೆ," ಎಂದಳು, ಧ್ವನಿ ಏರಿಸದೆ. ಯಾರೂ ನಗಲಿಲ್ಲ.

ಅವರೆಲ್ಲ ಹೊರಟ ಮೇಲೆ ಕ್ಷಮೆ ಕೇಳಬಹುದಿತ್ತು. ಆದರೆ ಅಷ್ಟು ಜನರ ಮುಂದೆ ನನ್ನನ್ನು ಸಣ್ಣವನನ್ನಾಗಿ ಮಾಡಿದಳೆಂಬ ಸಿಟ್ಟು ಇಳಿದಿರಲಿಲ್ಲ. ಅವಳು ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದಾಗ, ಅವಳಿಗೆ ಕಾಣುವಂತೆಯೇ ಲ್ಯಾಪ್‌ಟಾಪ್ ತೆರೆದು, ಆ ಮೊಣಕೈಯನ್ನೂ ಕತ್ತರಿಸಿದೆ.