ಯಾರೂ ಹಿಡಿಯದ ಗಾಳೆಪ್ಪ

ಗಾಳೆಪ್ಪನಿಗೆ ಬದುಕಿನಲ್ಲಿ ಹೇಳಿಕೊಳ್ಳಲು ಎರಡು ಸಂಗತಿಗಳಿದ್ದವು. ಒಂದು, ಕೊಟ್ಟೂರಿನ ತನ್ನ ಕೇರಿಯಲ್ಲಿ ಮೊದಲು ಸರ್ಕಾರಿ ನೌಕರಿ ಸೇರಿದವನು ತಾನು. ಇನ್ನೊಂದು, ಕಬಡ್ಡಿಯಲ್ಲಿ ತನ್ನನ್ನು ಹುಟ್ಟಿದ ಮಗ ಯಾರೂ ಹಿಡಿದಿಲ್ಲ. ಮೊದಲನೆಯದನ್ನು ಊರಿನವರೇ ಹೇಳುತ್ತಿದ್ದರು. ಎರಡನೆಯದನ್ನು ಮಾತ್ರ ಅವನೇ ಹೇಳಬೇಕಾಗಿತ್ತು, ಹೇಳುತ್ತಲೂ ಇದ್ದ. ಹದಿನೇಳು ವರ್ಷದ ನೌಕರಿಯಲ್ಲಿ ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಂದು ಎಲ್ಲಿಗೆ ವರ್ಗವಾದರೂ, ಹಡಗಲಿ ಕಡೆಯ ಹಳ್ಳಿಯೊಂದರಲ್ಲಿ ತಾನಾಡಿದ ಆ ಒಂದು ಪಂದ್ಯದ ಕಥೆಯನ್ನು ಜವಾನನಿಂದ ತಹಶೀಲ್ದಾರರವರೆಗೆ ಎಲ್ಲರಿಗೂ ಒಪ್ಪಿಸಿಯೇ ಅವನು ಚಾರ್ಜು ತೆಗೆದುಕೊಳ್ಳುತ್ತಿದ್ದುದು. ಎದುರಿಗೆ ಆ ಊರಿನ ದೊಡ್ಡ ಓಣಿಯ ಏಳು ಮಂದಿ ಕಟ್ಟುಮಸ್ತಾದ ಆಳುಗಳು. ಇವನೊಬ್ಬ ಒಳಹೊಕ್ಕನೋ ಇಲ್ಲವೋ, ಏಳೂ ಮಂದಿ ಹೆದರಿ ಹಿಂದೆ ಸರಿದು, ಸರಿದು, ಗೆರೆಯನ್ನೇ ದಾಟಿ ಔಟಾದರು. ಕಥೆ ನಡೆಯುವಾಗ ಮೇಜಿನ ಮೇಲಿನ ಫೈಲುಗಳು ಎದುರಾಳಿಗಳಾಗುತ್ತಿದ್ದವು. ಒಂದೆರಡು ಕೆಳಕ್ಕೂ ಬೀಳುತ್ತಿದ್ದವು.

ಎಂಬತ್ತಮೂರರಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ಸ್ವಂತ ಊರಿಗೇ ವರ್ಗವಾಯಿತು. ಹೆಂಡತಿ ಸುಂಕಮ್ಮ ಹರಪನಹಳ್ಳಿಯಲ್ಲಿ ಟೀಚರು, ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಉಳಿದಳು. ಪರವಾಗಿಲ್ಲ, ನಮ್ಮ ಮಂದಿಯ ನಡುವೆ ಇರುತ್ತೇನಲ್ಲ ಎಂದುಕೊಂಡು ಗಾಳೆಪ್ಪ ಒಬ್ಬನೇ ಬಸ್ಸಿನಿಂದ ಇಳಿದ.

ಆದರೆ ಅವನು ಕೇರಿಗೆ ಕಾಲಿಟ್ಟರೆ ಸಾಕು, ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ಕಟ್ಟೆಯ ಮೇಲಿದ್ದವರು ಎದ್ದು ನಿಂತು, ಕಂಬಳಿ ಹಾಸಿ, ಇವನನ್ನು ಕೂರಿಸಿ, ತಾವು ದೂರ ನಿಲ್ಲುತ್ತಿದ್ದರು. ಒಂದೇ ಬೀಡಿಯನ್ನು ಹಂಚಿಕೊಂಡು ಸೇದಿದ್ದ ಹಳೆಯ ಜೊತೆಗಾರ ಬೊಮ್ಮಪ್ಪ ಈಗ ಮಂಡಿಯಲ್ಲಿ ಹಮಾಲಿ. ಗಾಳೆಪ್ಪನನ್ನು ಕಂಡರೆ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡುತ್ತಿದ್ದ.

"ಯಾಕಲೇ ಬೊಮ್ಮ, ನಾನೇನು ನಿಮ್ಮಪ್ಪನಾ?"

"ಅಯ್ಯ, ಹಂಗಂದ್ರ ಹ್ಯಾಂಗ್ರಿ ಸಾಹೇಬ್ರ. ನಿಮ್ ಹುದ್ದೆ ಐತಲ್ರಿ."

ಹುದ್ದೆ ಇತ್ತು, ನಿಜ. ಸಂಜೆ ಬಾಡಿಗೆ ಕೋಣೆಗೆ ಮರಳಿ ಸ್ಟೋ ಹಚ್ಚುವಾಗ ಮಾತಾಡಿಸಲು ಆ ಹುದ್ದೆಯೊಂದೇ ಜೊತೆಗಿರುತ್ತಿತ್ತು.

ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿಗೆ ಕೇರಿಯ ಯುವಕ ಸಂಘದವರು ಕಬಡ್ಡಿ ಇಟ್ಟುಕೊಂಡರು. ಮೊದಲಿಗೆ ಹಳಬರಿಗೂ ಹುಡುಗರಿಗೂ ಒಂದು ಪಂದ್ಯ. ಉದ್ಘಾಟನೆಗೆ ಕರೆಯಲು ಬಂದ ಸಂಘದ ನಾಯಕ ಓಬಳೇಶನಿಗೆ ಗಾಳೆಪ್ಪ, "ಉದ್ಘಾಟನೆ ಯಾರಾದ್ರೂ ಮಾಡ್ಲಿ. ನಾನು ಆಡ್ತೀನಿ," ಎಂದುಬಿಟ್ಟ. ಕಣದೊಳಗೆ ಸಾಹೇಬನೂ ಇಲ್ಲ, ಹಮಾಲಿಯೂ ಇಲ್ಲ; ಏಳು ಮಂದಿ ಮೇಲೆ ಬಿದ್ದು ಮಣ್ಣಿಗೆ ಒತ್ತಿದರೆ ಯಾವ ಕಾಲು ಯಾರದೆಂದೇ ತಿಳಿಯುವುದಿಲ್ಲ. ಅಲ್ಲಿಗೆ ಹೋದರೆ ತಾನು ಮತ್ತೆ ಬರೀ ಗಾಳ್ಯಾ ಆಗುತ್ತೇನೆ ಎಂಬುದು ಅವನ ಲೆಕ್ಕ. ತನ್ನನ್ನು ಹಿಡಿಯುವುದು ಆಗದ ಮಾತು ಎಂಬುದು ಬೇರೆ ವಿಷಯ.

ಚಡ್ಡಿ ಹೊಲಿಸಲು ಹೋದಾಗ ಟೈಲರ್ ಅಜ್ಜಯ್ಯ ಟೇಪನ್ನು ನಡುವಿನ ಸುತ್ತ ಎಳೆದು, ಸಾಲದೆ ಮತ್ತೊಮ್ಮೆ ಎಳೆದ. "ಪ್ಯಾಂಟಿನ ಬಟ್ಟೀನ ಬೇಕಾಗ್ತತಿ ನೋಡ್ರಿ ಸಾಹೇಬ್ರ," ಎಂದ. ಗಾಳೆಪ್ಪ ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದ.

ಪಂದ್ಯದ ದಿನ ಮೊದಲ ದಾಳಿಗೇ ಎರಡು ಪಾಯಿಂಟು. ಮುಂದಿನದಕ್ಕೆ ಇನ್ನೊಂದು. ಸುಮ್ಮನೆ ಕೈ ಚಾಚಿದರೆ ಹುಡುಗರು ಮುಟ್ಟಿಸಿಕೊಂಡು ನಿಲ್ಲುತ್ತಿದ್ದರು. ತಿರುಗಿ ಓಡಿದರೆ ದಾರಿ ಬಿಡುತ್ತಿದ್ದರು. ಒಬ್ಬನಂತೂ ಕೈ ಕಟ್ಟಿಕೊಂಡೇ ಔಟಾದ. ಅರ್ಧ ಆಟ ಮುಗಿಯುವ ಹೊತ್ತಿಗೆ ಗಾಳೆಪ್ಪನ ಎದೆ ಹೊಟ್ಟೆಗಿಂತ ಮುಂದಿತ್ತು.

"ನೋಡಿದ್ಯೇನಲೇ ಬೊಮ್ಮ?" ಎಂದ ನೀರು ಕುಡಿಯುತ್ತ. "ಹದಿನೇಳು ವರ್ಷ ಆದ್ರೂ ಹಿಡಿಯಾಕ ಆಗ್ಲಿಲ್ಲ."

ಬೊಮ್ಮಪ್ಪ ಏದುಸಿರು ಬಿಡುತ್ತಿದ್ದ. ಅವನನ್ನು ಹುಡುಗರು ಮೂರು ಸಲ ಎತ್ತಿ ಒಗೆದಿದ್ದರು. ಮೊಣಕೈ ತರಚಿ ರಕ್ತ ಬಂದಿತ್ತು. ಆ ಸಿಟ್ಟಿಗೋ ಏನೋ, ವರ್ಷಗಳ ಮೇಲೆ ಅವನ ಬಾಯಲ್ಲಿ 'ರಿ' ತಪ್ಪಿತು.

"ಹಿಡಿಯಾಕ ಆಗದಂಗ ಏನೈತಲೇ ನಿನ್ನಾಗ? ಹಿಡೀವಲ್ರು. ಸಾಹೇಬನ ಕಾಲು ಜಗ್ಗಿ ಕೆಡವಿ, ನಾಳಿ ಸರ್ಟಿಫಿಕೇಟಿಗೆ ಯಾವ ಮಾರಿ ಹೊತ್ಕಂಡು ಬರ್ಬೇಕು ಅವ್ರು?"

ಗಾಳೆಪ್ಪ ನಕ್ಕ. "ಹಂಗಾದ್ರ ಅವತ್ತು, ಹಡಗಲಿ ಕಡೆ? ಅವತ್ತು ನಾನು ಯಾವ ಸಾಹೇಬಲೇ?"

ಬೊಮ್ಮಪ್ಪ ಅವನನ್ನೇ ದಿಟ್ಟಿಸಿದ. ಇಷ್ಟು ವರ್ಷ ಇವನಿಗೆ ನಿಜಕ್ಕೂ ತಿಳಿದಿಲ್ಲ ಎಂಬುದು ಅವನಿಗೆ ಆಗಷ್ಟೇ ತಿಳಿದಂತಿತ್ತು.

"ದೊಡ್ಡ ಓಣ್ಯಾರು ನಿನ್ನ ಹ್ಯಾಂಗ ಹಿಡೀತಾರಲೇ? ಮುಟ್ಟಿದ್ರ ಮನ್ಯಾಗ ಜಳಕ ಮಾಡದ ಒಳಗ ಬಿಡಂಗಿಲ್ಲ. ಅದಕ್ಕಽ ಗೆರಿ ದಾಟಿ ಓಡಿದ್ರು. ನಮಗೆಲ್ಲಾ ಗೊತ್ತಿತ್ತು. ನೀನು ಕಪ್ ಹಿಡ್ಕಂಡು ಕುಣಿಯಾಕ ಹತ್ತಿದ್ದಿ, ಹ್ಯಾಂಗ ಹೇಳಾದು?"

ಅಂಪೈರ್ ಆಗಿದ್ದ ಡ್ರಿಲ್ ಮಾಸ್ತರ ಏಕಾಂತಪ್ಪ ಪೀಪಿ ಊದಿದರು. ದಾಳಿಯ ಸರದಿ ಮತ್ತೆ ಗಾಳೆಪ್ಪನದೇ.

ಅವನು ಗೆರೆ ದಾಟಿ ನಡೆದ. ಯಾರನ್ನೂ ಮುಟ್ಟಲು ಹೋಗಲಿಲ್ಲ. ನೇರ ನಡುವಿಗೆ ಹೋಗಿ, ಕಾಲು ಊರಿ ನಿಂತುಬಿಟ್ಟ. ಬಾಯಿ ಮಾತ್ರ ಕಬಡ್ಡಿ ಕಬಡ್ಡಿ ಎನ್ನುತ್ತಿತ್ತು. ಹಿಡೀರಲೇ ಎನ್ನಬೇಕೆನಿಸಿತು. ಆದರೆ ಕಬಡ್ಡಿ ಬಿಟ್ಟು ಬೇರೊಂದು ಮಾತು ಬಂದರೆ ಆಟ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಒಬ್ಬೊಬ್ಬರ ಮುಖವನ್ನೂ ನೋಡಿದ. ತೋಳು ಮುಂದೆ ಮಾಡಿದ. ಓಬಳೇಶನ ಮುಂದೆ ಕಾಲು ಕೂಡ ಚಾಚಿದ. ಓಬಳೇಶ ಆ ಕಾಲನ್ನು ನೋಡಿ, ಒಂದು ಹೆಜ್ಜೆ ಹಿಂದಕ್ಕೆ ಸರಿದು, ತಲೆ ತಗ್ಗಿಸಿದ. ಉಳಿದವರೂ ಸರಿದರು. ಕಬಡ್ಡಿ ಕಬಡ್ಡಿ ಎಂಬ ಸಣ್ಣ ದನಿಯೊಂದೇ ಕೇಳಿಸುತ್ತಿತ್ತು. ಅದು ತೆಳುವಾಯಿತು, ತಡವರಿಸಿತು, ನಿಂತಿತು.

ಎದುರಾಳಿಯ ಅಂಗಳದಲ್ಲಿ ಉಸಿರು ಹೋದರೆ ಔಟು. ಏಕಾಂತಪ್ಪನವರು ಪೀಪಿ ಊದುವ ಮೊದಲು ಒಮ್ಮೆ ಸುತ್ತ ನೋಡಿದರು. "ಸಾಹೇಬ್ರು ಔಟ್ ಆಗ್ಯಾರ್ರಿ," ಎಂದು ಸಾವಿನ ಸುದ್ದಿ ತಿಳಿಸುವವರ ಹಾಗೆ ಮೆಲ್ಲಗೆ ಹೇಳಿದರು.

ಔಟಾದ ಹಳಬರು ಮೂವರು ಗೆರೆಯಾಚೆ ಮಣ್ಣಿನಲ್ಲಿ ಸಾಲಾಗಿ ಕೂತಿದ್ದರು. ಅವರ ಪಕ್ಕದಲ್ಲಿ ಯಾರೋ ಆಗಲೇ ಒಂದು ಕುರ್ಚಿ ತಂದಿಟ್ಟು ಟವಲಿನಿಂದ ಒರೆಸಿದ್ದರು. ಗಾಳೆಪ್ಪ ಕುರ್ಚಿಯನ್ನು ಸರಿಸಿ, ಮೂರನೆಯವನ ಪಕ್ಕದಲ್ಲಿ ನೆಲಕ್ಕೆ ಕೂತ. ಕೂತ ಕೂಡಲೇ ಮೂವರೂ ಗಡಬಡಿಸಿ ಎದ್ದು ನಿಂತರು.

"ಕುಂದರ್ರಲೇ," ಎಂದ.

"ಇರ್ಲಿ ಬಿಡ್ರಿ."

"ಕುಂದರ್ರಿ ಅಂದ್ನಲ್ಲ."

"ನೀವು ಕೆಳಗ ಕುಂತ್ರ ನಾವ್ ಹ್ಯಾಂಗ ಕುಂದ್ರಾದ್ರಿ ಸಾಹೇಬ್ರ?"

ಮೂವರಿಗೂ ವಯಸ್ಸಾಗಿತ್ತು, ದಣಿದಿದ್ದರು. ಒಬ್ಬನ ಮೊಣಕಾಲು ನಿಂತಲ್ಲೇ ನಡುಗುತ್ತಿತ್ತು. ಗಾಳೆಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು, ಹೊಸ ಚಡ್ಡಿಯ ಮಣ್ಣು ಕೊಡವಿ, ಕುರ್ಚಿಯ ಮೇಲೆ ಕೂತ. ಮೂವರೂ ನಿಟ್ಟುಸಿರು ಬಿಟ್ಟು ಕೆಳಗೆ ಕೂತರು.