ಮುಚ್ಚಳದ ಮೇಲೆ ಕೂತ ಗಣಪತಿ

ವಿಡಿಯೊ ತಡೆ ತಡೆದು ಬಂದದ್ದು ಲ್ಯಾಪ್‌ಟಾಪ್ ಕಾದದ್ದರಿಂದ. ದೇವರ ಸಿಟ್ಟೂ ಅಲ್ಲ, ನೆರೆಕರೆಯವರ ದೃಷ್ಟಿಯೂ ಅಲ್ಲ. ಗಾಳಿಯಾಡದ ಪೆಟ್ಟಿಗೆಯೊಳಗೆ ಅದನ್ನಿಟ್ಟು, ಮುಚ್ಚಳದ ಮೇಲೆ ಗಣಪತಿಯನ್ನು ಕೂರಿಸಿದೆವು. ನಡೆದದ್ದು ಇಷ್ಟೇ. ಆದರೆ ಆ ಸಂಜೆ ಹೆದರಿದಷ್ಟು ನಾನು ನನ್ನ ಹೆರಿಗೆಗಳಲ್ಲೂ ಹೆದರಿರಲಿಲ್ಲ.

ಡೊಂಬಿವಲಿಯಲ್ಲಿ ಸಣ್ಣ ಮನೆ ನಮ್ಮದು. ಗಂಡ ಠಾಣೆಯ ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ಮಗನಿಗೆ ಮಹಾಪೆಯಲ್ಲಿ ಕಂಪ್ಯೂಟರ್ ಕೆಲಸ. ಸೊಸೆ ಮೈಸೂರಿನವಳು, ಆಗ ಏಳು ತಿಂಗಳ ಬಸುರಿ. ಹಿಂದಿನ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಹಾಗಾಗಿ ಈ ಸಲ ಅವಳು ಸೀನಿದರೂ ಮನೆಯವರೆಲ್ಲ ತಿರುಗಿ ನೋಡುತ್ತಿದ್ದೆವು.

ನಮ್ಮದು ಒಂದೂವರೆ ದಿನದ ಗಣಪತಿ. ಆ ವರ್ಷ ಮಗ, "ಬರೇ ಥರ್ಮಾಕೋಲಿನ ಮಂಟಪ ಸಾಕಾಯ್ತು ಅಮ್ಮ, ಲೈಟ್ ಶೋ ಮಾಡುವಾ" ಅಂದ. ಮೂರ್ತಿಯ ಹಿಂದೆ ಟಿವಿ. ಅದರಲ್ಲಿ ಕಡಲು, ಸೂರ್ಯೋದಯ, ಮಳೆ, ನಕ್ಷತ್ರ. ಟಿವಿಯಲ್ಲಿ ಯಾವುದು ಬಂತೋ ಅದಕ್ಕೆ ಸರಿಯಾಗಿ ಮಂಟಪದ ಲೈಟುಗಳು ಬಣ್ಣ ಬದಲಿಸಬೇಕು. ಎರಡನ್ನೂ ಆಡಿಸುವುದು ಒಂದೇ ಲ್ಯಾಪ್‌ಟಾಪ್. ಅದು ಕಾಣಬಾರದಂತ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ ಒಳಗಿಟ್ಟ. ನಾಲ್ಕೂ ಕಡೆ ಮೊಳೆ ಹೊಡೆದು, ನನ್ನ ಧಾರೆ ಸೀರೆ ಸುತ್ತಿದ. ತೆಗೆಯಲು ಬರುವುದು ಮೇಲಿನ ಹಲಗೆ ಒಂದೇ. ಅದೇ ಗಣಪತಿಗೆ ಪೀಠ.

ವಾರವಿಡೀ ಹಲಗೆ ತೆಗೆದಿಟ್ಟೇ ನಡೆಸಿ ನೋಡಿದ್ದ. ಚಂದ ನಡೆದಿತ್ತು. ಚೌತಿಯ ಬೆಳಿಗ್ಗೆ ಹಲಗೆ ಮುಚ್ಚಿದೆವು. ಭಟ್ಟರು ಬಂದು ಪ್ರತಿಷ್ಠೆ ಮಾಡಿ ಹೋದರು. ಪ್ರತಿಷ್ಠೆಯಾದ ಮೇಲೆ, ಮರುದಿನ ಕಳಿಸಿಕೊಡುವ ಉತ್ತರಪೂಜೆಯವರೆಗೆ ಮೂರ್ತಿಯನ್ನು ಕದಲಿಸುವಂತಿಲ್ಲ. ಕದಲಿಸಿದರೆ ದೇವರನ್ನು ಎಬ್ಬಿಸಿ ಕಳಿಸಿದ ಹಾಗೆ. ಇದು ಎಲ್ಲರಿಗೂ ಗೊತ್ತು. ಹಾಗಾದರೆ ಹಲಗೆಯ ಕೆಳಗಿನದನ್ನೂ ನಾಳೆಯವರೆಗೆ ಮುಟ್ಟುವಂತಿಲ್ಲ ಅನ್ನುವುದು ಮಾತ್ರ ಯಾರ ತಲೆಗೂ ಹೋಗಲಿಲ್ಲ.

ಸಂಜೆ ಬಿಲ್ಡಿಂಗಿನವರು ಬಂದರು. ಮಗ ಲೈಟ್ ಆರಿಸಿ ಶೋ ಶುರುಮಾಡಿದ. ಕಡಲು ಸರಿ ಬಂತು. ಆಮೇಲೆ ಸೂರ್ಯ ಅರ್ಧ ಎದ್ದು ನಿಂತ. ಮತ್ತೆ ಚೂರು ಎದ್ದ, ಮತ್ತೆ ನಿಂತ. ಟಿವಿಯಲ್ಲಿ ಬೆಳಗಾಗುವ ಮೊದಲೇ ಲೈಟುಗಳು ರಾತ್ರಿ ಮಾಡಿ ಮುಗಿಸಿದವು.

ಪಕ್ಕದ ಮನೆಯ ಮರಾಠಿ ಹೆಂಗಸು ಅವಳ ಭಾಷೆಯಲ್ಲೇ ಕೇಳಿದಳು: "ಆಜಿ, ನಿಮ್ಮ ಸೂರ್ಯ ಸ್ಲೋ ಲೋಕಲ್ಲಿನಲ್ಲಿ ಬರ್ತಾನಾ? ಎಲ್ಲ ಸ್ಟೇಷನ್ನಿನಲ್ಲೂ ನಿಲ್ತಾನಲ್ಲ!"

ಎಲ್ಲರೂ ನಕ್ಕರು. ಮಗ ನಗಲಿಲ್ಲ. ಅವನ ಕೈಯಲ್ಲಿ ವೈರಿಲ್ಲದ ಮೌಸ್ ಇತ್ತು. ಅದರಿಂದಲೇ ಬೇರೆ ಏನೇನು ತೆರೆದಿತ್ತೋ ಎಲ್ಲ ಬಂದ್ ಮಾಡಿದ. ಟಿವಿಯ ಕಡೆಯಿಂದ ವೈರು ಕಿತ್ತು ಬೇರೆ ತೂತಿಗೆ ಚುಚ್ಚಿದ. ವಿಡಿಯೊ ಭಾರ ಆಯಿತಂತ ಹಗುರದ್ದು ಹಾಕಿದ. ಪ್ರತಿ ಸಲ ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ ಪಾಡು. ಕಡೆಗೆ ಜೊತೆಗೆ ಕೆಲಸ ಮಾಡುವವನಿಗೆ ಫೋನ್ ಮಾಡಿದ. ಆ ಕಡೆಯವನ ದನಿ ನನಗೂ ಕೇಳಿತು: "ಮುಟ್ಟಿ ನೋಡು ಮಾರಾಯ, ಬಿಸಿ ಉಂಟಾ?"

ಮಗ ಗಣಪತಿಯ ಮುಖ ನೋಡಿದ. ಮುಟ್ಟಬೇಕಾದದ್ದು ಇದ್ದದ್ದು ಆ ಪೀಠದ ಕೆಳಗೆ.

ಅಷ್ಟರಲ್ಲಿ ನನ್ನ ಮೂಗಿಗೆ ವಾಸನೆ ಬಂತು. ಕೂದಲು ಸುಟ್ಟ ಹಾಗೆ. ರೇಷ್ಮೆ ಸುಟ್ಟರೆ ಹಾಗೇ ನಾರುವುದು.

"ಸ್ವಿಚ್ ಆಫ್ ಮಾಡು!"

ಮಾಡಿದ. ಲೈಟೂ ಹೋಯಿತು, ಟಿವಿಯೂ ಹೋಯಿತು. ವಾಸನೆ ಹೋಗಲಿಲ್ಲ. "ಅದರ ಒಳಗೇ ಬ್ಯಾಟರಿ ಉಂಟಮ್ಮ," ಅಂದ. ಮೌಸ್ ಒತ್ತಿದರೂ ಈಗ ಕೇಳುತ್ತಿಲ್ಲವಂತೆ. ಬಂದವರು ಒಬ್ಬೊಬ್ಬರೇ ಚಪ್ಪಲಿ ಹುಡುಕತೊಡಗಿದರು. ಸೊಸೆ ಕೂತದ್ದು ಒಳಗಿನ ಮೂಲೆಯಲ್ಲಿ. ಅವಳಿಗೂ ಬಾಗಿಲಿಗೂ ನಡುವೆ ಥರ್ಮಾಕೋಲಿನ ಮಂಟಪ, ಉರಿಯುವ ದೀಪ. ದೀಪ ಆರಬಾರದಂತ ಒಳಗೆ ತೆಗೆದುಕೊಂಡು ಹೋಗಿ ಇಟ್ಟೆ.

"ಮೂರ್ತಿ ಎತ್ತುವಾ," ಅಂದೆ.

"ಕೈ ಹಚ್ಚಬೇಡ," ಅಂದರು ಗಂಡ. "ಬಸುರಿ ಇರುವ ಮನೆ. ನಾಳೆ ಏನಾದರೂ ಆದರೆ?"

ಅವರು ಹೇಳಿದ್ದು ನನಗೂ ಹೊಳೆದಿತ್ತು. ಹೊಳೆದದ್ದಕ್ಕೇ ಹೆದರಿಕೆ. ಎತ್ತಿದರೆ ಮಗುವಿಗೆ ಏನಾಗುತ್ತದೋ, ಎತ್ತದಿದ್ದರೆ ತಾಯಿಗೇ ಏನಾಗುತ್ತದೋ.

"ನಾಳೆಯದ್ದು ನಾಳೆ ಮಾರಾಯ್ರೆ. ಈಗ ಹೊಗೆ ಬರ್ತಾ ಉಂಟು."

ಉತ್ತರಪೂಜೆಯ ಮಂತ್ರ ನನಗೆ ಬಾರದು. ಅಕ್ಷತೆ ಹಾಕಿದೆ. "ಏಳಪ್ಪ, ಕೆಳಗೆ ಬೆಂಕಿ," ಅಂದೆ. ಮಗ ಒಂದು ಕಡೆ, ನಾನು ಒಂದು ಕಡೆ ಹಿಡಿದು ಎತ್ತಿ ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿದೆವು. ಗಂಡ ಗೋಡೆ ಕಡೆ ತಿರುಗಿ ನಿಂತಿದ್ದರು.

ಹಲಗೆ ತೆಗೆದರೆ ಕಪ್ಪು ಹೊಗೆ. ಚಾರ್ಜರ್ ಅಡಿಗೆ ಹಾಸಿದ ಥರ್ಮಾಕೋಲನ್ನು ಕರಗಿಸಿಕೊಂಡು ಒಳಗೆ ಇಳಿದಿತ್ತು. ಒಳಕ್ಕೆ ಮಡಚಿದ್ದ ಸೀರೆಯ ಸೆರಗು ಅಂಗೈಯಗಲ ಸುಟ್ಟಿತ್ತು. ಲ್ಯಾಪ್‌ಟಾಪನ್ನು ಮಗ ಮಸಿಬಟ್ಟೆಯಲ್ಲಿ ಹಿಡಿದು ಹೊರಗಿನ ಗ್ಯಾಲರಿಗೆ ಒಯ್ದಿಟ್ಟ, ಒಲೆಯಿಂದ ಕಾವಲಿ ಇಳಿಸಿದ ಹಾಗೆ.

ಮುಗಿಯಿತಂತ ಕೂತೆ. ಆಗ ಸೊಸೆ ಮೆಲ್ಲಗೆ ಅಂದಳು, "ಅತ್ತೆ, ಮಗು ಆವಾಗಿಂದ ಒದೀತಾನೇ ಇಲ್ಲ."

ಗಂಡ ಅಡುಗೆಮನೆಯ ಕಟ್ಟೆಯ ಕಡೆ ನೋಡಿದರು, ಆಮೇಲೆ ನನ್ನನ್ನು. ಬೈದಿದ್ದರೆ ಒಳ್ಳೆಯದಿತ್ತು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆವು. ಸಕ್ಕರೆ ನೀರು ಕೊಟ್ಟು ಎಡಮಗ್ಗುಲಿಗೆ ಮಲಗಿಸಿ, ಅಲುಗಿದರೆ ಬೆಳಿಗ್ಗೆ ಬನ್ನಿ, ಇಲ್ಲದಿದ್ದರೆ ಈಗಲೇ ಹೊರಡಿ ಅಂದರು. ಅವಳ ಹೊಟ್ಟೆ ಮೇಲೆ ಕೈ ಇಟ್ಟು ಕೂತೆ. ಏನೋ ಅಲುಗಿತು. ಅದು ಮಗುವೋ ನನ್ನ ಕೈಯೋ ತಿಳಿಯಲಿಲ್ಲ. "ಒದೀತು ಅತ್ತೆ," ಅಂದಳು. ನಿಜ ಹೇಳಿದಳೋ, ನನ್ನನ್ನು ಸುಮ್ಮನಿರಿಸಲು ಹೇಳಿದಳೋ. ಕೈ ತೆಗೆಯಲಿಲ್ಲ ನಾನು.

ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದ ಹೊತ್ತಿಗೆ, ಕಡುಬಿಗೆ ನೆನೆಸಿದ ಅಕ್ಕಿ ಹಾಗೇ ಬಿಟ್ಟು, ಸೊಸೆಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟೆ. ಗುಂಡಿ ಬಂದಲ್ಲೆಲ್ಲ ರಿಕ್ಷಾದವನಿಗೆ ಬೈದೆ. ಡಾಕ್ಟರಮ್ಮ ಹೊಟ್ಟೆಗೆ ಯಂತ್ರ ಇಟ್ಟರು. ಮೊದಲು ಬರೇ ಗರಗರ. ಇನ್ನೊಂದು ಕಡೆ ಇಟ್ಟರು. ಆಮೇಲೆ ಬಂತು ಸದ್ದು, ಓಡುವ ಕುದುರೆಯ ಹಾಗೆ, ಎಲ್ಲೂ ನಿಲ್ಲದೆ.

"ಸಾಕಾ ಆಜಿ?" ಅಂದರು.

"ಇಲ್ಲ. ಇನ್ನೊಮ್ಮೆ ಕೇಳಿಸಿ," ಅಂದೆ.