ಮಾಮಲೇದಾರನನ್ನು ಹೊಸ್ತಿಲು ದಾಟಿಸಿದ್ದು

ನನ್ನ ಗಂಡ ಅಮಸಿದ್ದ ಹೋಗಿ ಈ ಶ್ರಾವಣಕ್ಕೆ ಒಂದು ವರ್ಷ. ಬಂದವರೆಲ್ಲ ದೇವರಂಥ ಮನುಷ್ಯ ಎಂದು ಹೇಳಿ ಚಹಾ ಕುಡಿದು ಹೋಗುತ್ತಾರೆ. ದೇವರಂಥವರೇನೂ ಅಲ್ಲ. ಹಟಮಾರಿ. ಅವರಿಗಿಂತ ಹಟಮಾರಿಯಾಗಿದ್ದದ್ದು ಒಂದೇ ಜೀವ, ನಮ್ಮ ನಾಯಿಮರಿ.

ಕೊಯ್ನಾದಲ್ಲಿ ನೆಲ ನಡುಗಿದ ಮರುವರ್ಷ ಅವರ ಕಾಲು ಮುರಿಯಿತು. ಕುರಿ ಹಿಂದೆ ಓಡುತ್ತ ಕಲ್ಲಿನ ಒಡ್ಡಿನ ಮೇಲಿಂದ ಬಿದ್ದರು. ಎಲುಬು ಕಟ್ಟುವವನು ಬಂದು ಕಟ್ಟಿದ. ಎಲುಬು ಕೂಡಿತು, ಸೊಟ್ಟಾಗಿ ಕೂಡಿತು. ಕೋಲು ಹಿಡಿದರೆ ನಡೆಯಬಹುದಿತ್ತು. ನಡೆಯಲಿಲ್ಲ. ಎಂಟನೆಯ ವಯಸ್ಸಿನಿಂದ ಕುರಿ ಹಿಂದೆ ನಡೆದ ತಾನು ಕುಂಟುವುದನ್ನು ಊರು ನೋಡಬಾರದಂತೆ. ನಸುಕಿನಲ್ಲಿ ಹಿತ್ತಲಿಗೆ ಹೋಗಿ ಬಂದರೆ ಮುಗಿಯಿತು, ಆಮೇಲೆ ದಿನವಿಡೀ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂಡುತ್ತಿದ್ದರು.

ಕುರಿಗಳು ಮೈದುನ ವಿಠೋಬನ ಕೈಗೆ ಹೋದವು. ನಾಯಿಗಳೂ ಅವನ ಹಿಂದೆ ಹೋದವು. ಒಂದು ಮರಿ ಮಾತ್ರ ಉಳಿಯಿತು. ನಮ್ಮ ಎಮ್ಮೆ ಕಟ್ಟುವಲ್ಲಿ ಹುಟ್ಟಿದ್ದು. ಮೈಯೆಲ್ಲ ಕಪ್ಪು, ಒಂದು ಕಿವಿ ಬಿಳಿ. ಅದು ಒಳಗೆ ಬಂದು ಅವರ ತೊಡೆಯ ಮೇಲೆ ಮಲಗಿತು. ಅವರು ನೆಟ್ಟಗೆ ನಡೆದದ್ದನ್ನು ನೋಡದ ಜೀವ ಮನೆಯಲ್ಲಿ ಅದೊಂದೇ. ಅದರ ಮುಂದೆ ಅವರಿಗೆ ನಾಚಿಕೆ ಇರಲಿಲ್ಲ.

ನಾಚಿಕೆ ಅದಕ್ಕೂ ಇರಲಿಲ್ಲ. ಮೊದಲ ದಿನವೇ ಪಡಸಾಲೆಯ ನಡುವೆ ಉಚ್ಚೆ ಹೊಯ್ದಿತು.

"ಇವನೇನ ಮಾಮಲೇದಾರನೇನ?" ಅಂದಳು ನನ್ನ ಅತ್ತೆ ಸಿದ್ದಲಿಂಗವ್ವ. "ಬೇಕಾದಲ್ಲೆ ಕುಂದ್ರತಾನ, ಬೇಕಾದಲ್ಲೆ ಹೊಯ್ತಾನ, ಕೇಳವ್ರ ಇಲ್ಲ!"

ತಾಲೂಕಿನ ದೊಡ್ಡ ಸಾಹೇಬನ ಹೆಸರು ಮರಿಗೆ ಅಲ್ಲಿಗೇ ಬಿತ್ತು.

"ನಾಕ ದಿನಾ ಕೊಡು ಯವ್ವಾ, ಕಲಸ್ತೀನಿ," ಅಂದರು ಇವರು. ಶೇಗಾಂವ, ಮುಚ್ಚಂಡಿಯಿಂದ ಜನ ಇವರು ಪಳಗಿಸಿದ ನಾಯಿ ಬೇಕೆಂದು ಬರುತ್ತಿದ್ದರು. ಸಿಳ್ಳು ಹಾಕಿದರೆ ನಿಲ್ಲುವ, ಇನ್ನೊಂದು ಹಾಕಿದರೆ ತಿರುಗುವ ನಾಯಿಗಳು. ನಾಲ್ಕು ದಿನ ಹೋಗಿ ಹದಿನಾಲ್ಕಾಯಿತು. ಮಾಮಲೇದಾರ ಸಿಳ್ಳಿಗೆ ನಿಲ್ಲುತ್ತಿದ್ದ, ತಿರುಗುತ್ತಿದ್ದ, ತಿರುಗಿ ಅಲ್ಲೇ ಹೊಯ್ಯುತ್ತಿದ್ದ. ಅತ್ತೆ ಕಸಬರಿಗೆಯಿಂದ ಹೊಡೆದಳು. ಕಸಬರಿಗೆಯನ್ನು ತಿಂದ. ಅಮೋಘಸಿದ್ದನ ಭಂಡಾರ ಹಣೆಗೆ ಹಚ್ಚಿದಳು. ಹಳದಿ ಹಣೆ ಹೊತ್ತುಕೊಂಡು ಹೋಗಿ ದೇವರ ಜಗಲಿಯ ಮುಂದೆಯೇ ಹೊಯ್ದ. ಪ್ರತಿ ಸಲ ನಾನು ಆ ಜಾಗ ಕೆರೆದು ಸೆಗಣಿ ಬಳಿದು ಸಾರಿಸುತ್ತಿದ್ದೆ.

ಒಂದು ದಿನ ಅತ್ತೆ ಒಳಗಿನಿಂದ ಕೂಗಿದಳು: "ಏ, ಲಗೂನ ಶಗಣಿ ತಗೊಂಡ ಬಾ, ಮಾಮಲೇದಾರ ಮತ್ತ ಹೊಯ್ದಾನ!"

ಬಾಗಿಲಲ್ಲಿ ಊರ ಲೆಕ್ಕ ಬರೆಯುವ ತಲಾಠಿ ದಫ್ತರ ಹಿಡಿದು ನಿಂತಿದ್ದ. ಗಾಬರಿಯಾಗಿ ಟೋಪಿ ಸರಿಮಾಡಿಕೊಂಡ. "ಸಾಹೇಬ್ರ ಯಾವಾಗ ಬಂದಾರ್ರಿ?"

"ಬಂದ ಹದಿನೈದ ದಿನಾ ಆತು," ಅಂದಳು ಅತ್ತೆ. "ಕಾಲ ಒತ್ತತೀ ಏನ?"

ತಲಾಠಿ ಹೋದ ಮೇಲೆ ಅತ್ತೆ ನಗಲಿಲ್ಲ. ಮಗನ ಮುಂದೆ ಕುಳಿತಳು. "ಕೇಳ ಅಮಸಿದ್ದ. ಅಮಾಸಿತನಕ ನೋಡ್ತೀನಿ. ಅವತ್ತ ಒಂದ ಹನಿ ಒಳಗ ಬಿತ್ತಂದ್ರ ವಿಠೋಬ ಹಗ್ಗಾ ಹಾಕಿ ಒಯ್ತಾನ."

ಅಮಾವಾಸ್ಯೆಯ ಮರುದಿನ ವಿಠೋಬ ಕುರಿ ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆ ಹೊರಡುವವನಿದ್ದ. ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಇವರು ಮರಿಯ ಬಿಳಿ ಕಿವಿ ಹಿಡಿದುಕೊಂಡು ಕುಳಿತರು. ಆ ಹೊತ್ತು ಅರ್ಧ ರೊಟ್ಟಿ ಉಂಡು ಉಳಿದದ್ದು ಬಿಟ್ಟರು.

ಎರಡು ದಿನ ಮರಿಯನ್ನೇ ನೋಡಿದರು. ಮೂರನೆಯ ದಿನ ನಾನು ಸಾರಿಸುತ್ತಿದ್ದಾಗ ಅಂದರು: "ತಪ್ಪ ನಾಯಿದಲ್ಲ. ನಿಂದು."

"ನಾ ಹೊಯ್ದೀನೇನ್ರಿ?"

"ಕೇಳಿಲ್ಲಿ. ನೀ ಶಗಣಿ ಬಳದಲ್ಲೆ ಹೊಯ್ತಾನ ನೋಡು. ಎಮ್ಮಿ ಬುಡಕ ಹುಟ್ಯಾನ. ಹಸಿ ಶಗಣಿ ವಾಸನಿ ಬಂತಂದ್ರ ಇದ ತನ್ನ ಜಾಗಾ ಅಂತಾನ. ನೀ ದಿನಾ ಅವನ ಜಾಗಾ ಹಸನ ಮಾಡಿ ಕೊಡಾಕತ್ತಿ."

ನನಗೆ ಸಿಟ್ಟು ಬಂತು. ಮಾತು ಮಾತ್ರ ಖರೆ ಇತ್ತು.

ಒಳಗೆ ಬರೀ ಕೆಮ್ಮಣ್ಣು ಕಲಸಿ ಸಾರಿಸುವುದು, ಸೆಗಣಿಯನ್ನು ಅಂಗಳದ ಬೇವಿನ ಗಿಡದ ಕೆಳಗೆ ಬಳಿಯುವುದು ಎಂದು ಇಬ್ಬರೂ ಗೊತ್ತು ಮಾಡಿದೆವು. ಅತ್ತೆಗೆ ಹೇಳುವಂತಿರಲಿಲ್ಲ. ದೇವರಿರುವ ಮನೆಯನ್ನು ಸೆಗಣಿಯಿಲ್ಲದೆ ಸಾರಿಸಿದರೆ ನನ್ನನ್ನೂ ವಿಠೋಬನ ಸಂಗಡ ಕಳಿಸುತ್ತಿದ್ದಳು. ಅವಳ ಕಣ್ಣು ಮಂಜು. ಮೂಗು ಮಾತ್ರ ನಾಲ್ಕು ಮನೆಯಾಚೆಯ ಒಗ್ಗರಣೆ ಹೇಳುತ್ತಿತ್ತು. ಅದಕ್ಕೆ ನಾನು ಮೊಳಕೈವರೆಗೆ ಸೆಗಣಿ ಬಳಿದುಕೊಂಡು ಅವಳ ಮುಂದೆ ಎರಡು ಸಲ ಓಡಾಡಿದೆ.

"ಇವತ್ತ ಚಲೋ ಸಾರಿಸಿ ನೋಡು," ಅಂದಳು.

ಅಷ್ಟರಲ್ಲಿ ಮಾಮಲೇದಾರ ನನ್ನ ಹಿಂದೆ ಬಂದು ಸೀರೆಯ ಅಂಚು ತೋಯಿಸಿದ. ಇವರು ಬಾಯಿಗೆ ಕಂಬಳಿ ಒತ್ತಿಕೊಂಡು ನಕ್ಕರು. ಕಾಲು ಮುರಿದ ಮೇಲೆ ನಕ್ಕದ್ದು ಅದೇ ಮೊದಲು. ಸೀರೆ ಹಿಂಡುತ್ತ ನಾನೂ ನಕ್ಕೆ.

ಅಂದಿನಿಂದ ಸೆಗಣಿ ಕೈ ತೋರಿಸುತ್ತ ಅವನನ್ನು ಬೇವಿನ ಕೆಳಗೆ ಕರೆದೊಯ್ದೆ. ಮೂರು ದಿನ ನನ್ನ ಹಿಂದೆ ಬಂದ. ನಾಲ್ಕನೆಯ ದಿನ ತಾನೇ ಹೋದ. ಇವರು ಒಳಗಿನಿಂದಲೇ ಕತ್ತು ಉದ್ದ ಮಾಡಿ ಕೇಳುತ್ತಿದ್ದರು: "ಹೋದನ? ಹೊಯ್ದನ?"

ಅಮಾವಾಸ್ಯೆ ಬಂತು. ಗುಡ್ಡಾಪುರದ ದಾನಮ್ಮನಿಗೆ ನಡೆದುಹೋಗುವ ಜನ ನಮ್ಮ ಅಂಗಳದ ಮುಂದಿನ ದಾರಿಯ ತುಂಬ. ನಾನು ಬಾವಿಗೆ ಹೋಗಿದ್ದೆ. ಕೊಡ ಹೊತ್ತು ಅಂಗಳಕ್ಕೆ ಕಾಲಿಟ್ಟಾಗ ವಿಠೋಬ ಹಗ್ಗ ಹಿಡಿದು ಹೊಸ್ತಿಲ ಮೇಲೆ ಕುಳಿತಿದ್ದ. ಅವನ ತಲೆಯ ಮೇಲಿಂದ ಒಳಗೆ ನೋಡಿದೆ. ಹಬ್ಬದ ದಿನವೆಂದು ಅತ್ತೆ ತಾನೇ ಜಗಲಿಯ ಮುಂದೆ ಸಾರಿಸಿದ್ದಳು, ಅದೂ ಹಸಿ ಸೆಗಣಿಯಲ್ಲಿ. ಸಾರಿಸಿ, ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದು ನಿಂತಿದ್ದಳು. ಅವಳ ಹಿಂದೆ ಮಾಮಲೇದಾರ ಮೂಗು ನೆಲಕ್ಕೆ ಹಚ್ಚಿ ಒಂದು ಸುತ್ತು ಹೊಡೆದ. ಎರಡನೆಯ ಸುತ್ತು ಹೊಡೆದ.

ಇವರು ಸಿಳ್ಳು ಹಾಕಲು ತುಟಿ ಮುಂದೆ ಮಾಡಿದವರು ತಡೆದುಕೊಂಡರು. ಸಿಳ್ಳು ಹಾಕಿದರೆ ಏನಾಗುತ್ತದೆಂದು ಗೊತ್ತಿತ್ತು. ಪಕ್ಕದಲ್ಲೇ ಸೆಗಣಿ ಉಳಿದಿದ್ದ ಬುಟ್ಟಿಗೆ ಎರಡೂ ಕೈ ಅದ್ದಿ ಮರಿಯ ಮೂಗಿಗೆ ಹಿಡಿದರು. ಕಂಬ ಹಿಡಿದು ಎದ್ದರು. ಕೋಲಿಲ್ಲ. ಬಗ್ಗಿ, ಕೈ ಇಳಿಬಿಟ್ಟು, ಕುಂಟುತ್ತ ಬಾಗಿಲಿಗೆ ಬಂದರು.

"ಸರಿಯಲೇ ವಿಠ್ಯಾ!"

ವಿಠೋಬ ಸರಿಯುವಷ್ಟರಲ್ಲಿ ಅವನ ಅಂಗಿಗೆ ಐದು ಬೆರಳು ಮೂಡಿದವು. ಹೊಸ್ತಿಲು ದಾಟಿದರು. ಅಂಗಳ ದಾಟಿದರು. ಮರಿ ಅವರ ಕೈಗೆ ಮೂಗು ಹಚ್ಚಿಕೊಂಡೇ ಓಡಿತು. ಬೇವಿನ ಬುಡಕ್ಕೆ ಇಬ್ಬರೂ ಮುಟ್ಟಿದರು. ಮಾಮಲೇದಾರ ಹೊಯ್ದ. ಭಾಳ ಹೊತ್ತು ಹೊಯ್ದ.

ಆಗ ಇವರು ತಲೆ ಎತ್ತಿದರು. ದಾರಿಯ ಮೇಲೆ ಶೇಗಾಂವದ ಜನ ನಿಂತು ನೋಡುತ್ತಿದ್ದರು. ಇವರ ಮುಖ ಬಿಳಚಿತು. ನಾನು ಕೊಡ ಇಳಿಸುವುದನ್ನೂ ಮರೆತೆ.

ಜನರ ನಡುವಿನಿಂದ ಧೂಳಪ್ಪ ಎಂಬ ಮುದುಕ ಕೂಗಿದ: "ಅಮಸಿದ್ದಾ, ಭಾಳ ದಿನಾ ಆತಲ್ಲೋ! ಕೈಗೇನಾತೋ?"

ಕಾಲಿನ ಸುದ್ದಿ ಯಾರೂ ತೆಗೆಯಲಿಲ್ಲ. ಎಲ್ಲರ ಕಣ್ಣೂ ಕೈ ಮೇಲೆ.

"ಮಾಮಲೇದಾರಗ ಹೊರಗಿನ ಕೆಲಸಾ ಕಲಸಾಕತ್ತೀನ್ರಿ ಕಾಕಾ," ಅಂದರು ಇವರು.

"ಕಲಸು, ಕಲಸು. ನಮ್ಮ ಮನ್ಯಾಗೂ ಒಬ್ಬ ಅಳಿಯಾ ಅದಾನ, ಅವಗೂ ಕಲಸು!"

ದಾರಿಯೆಲ್ಲ ನಕ್ಕಿತು. ಇವರೂ ನಕ್ಕರು, ಕಂಬಳಿ ಅಡ್ಡ ಇಲ್ಲದೆ.

ಒಳಗೆ ಅತ್ತೆ ಬಗ್ಗಿ ಜಗಲಿಯ ಮುಂದೆ ಮೂಗಿನಿಂದ ತಪಾಸ ಮಾಡಿದಳು. ಆಮೇಲೆ ಬಾಗಿಲಿಗೆ ಬಂದು ನಿಂತಳು. ಬೇವಿನ ಕೆಳಗೆ ನಿಂತ ಮಗನ ಕಡೆ ಮಂಜುಗಣ್ಣು ಕಿರಿದು ಮಾಡಿ ನೋಡಿದಳು.

"ಯವ್ವಾ, ಒಯ್ಲೇನ?" ಅಂದ ವಿಠೋಬ.

"ಏನ ಒಯ್ತಿ? ಒಂದ ಹನಿ ಬಿದ್ದಿಲ್ಲ. ಹಗ್ಗಾ ಸುತ್ತಿ ಇಡು." ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನೀ ಏನ ನಿಂತ ನೋಡ್ತಿ? ಅವಂಗ ಕೈ ತೊಳಿ. ಹೋಳಿಗಿ ಆರಾಕತ್ತಾವ."

"ಇಲ್ಲೇ ತಗೊಂಡ ಬರ್ರಿ, ನೆರಳೈತಿ," ಎಂದು ಇವರು ಬೇವಿನ ಬುಡಕ್ಕೆ ಒರಗಿ ಕುಳಿತರು.

ಆ ಕೈ ತೊಳೆಯುವುದಕ್ಕೆ ನನ್ನ ಕೊಡದ ನೀರೆಲ್ಲ ಹೋಯಿತು. ಬೈಯುತ್ತ ಮತ್ತೆ ಬಾವಿಗೆ ಹೋದೆ. ತಿರುಗಿ ಬರುವಾಗಲೂ ಅಲ್ಲೇ ಕುಳಿತು ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದರು.